ರತ್ನಾಕರರ ಓದಲಾಗದ ಪುಟ

ಬಿಂದುಮಾಧವರಾಯರು ಯಾರ ಮನೆಯ ಕಂಪ್ಯೂಟರ್ ಮುಟ್ಟುವ ಮುಂಚೆಯೂ ಕೈಕಾಲು ತೊಳೆದುಕೊಳ್ಳುತ್ತಿದ್ದರು. ಆಮೇಲೆ ಚೀಲದಿಂದ ಕೆಂಪು ರಟ್ಟಿನ ನೋಟುಬುಕ್ಕು ತೆಗೆದು, ತಾರೀಖು ಹಾಕಿ, ಮನೆಯವರ ಹೆಸರು ಬರೆದು, ಯಂತ್ರ ಏನು ತಕರಾರು ಹೇಳುತ್ತಿದೆಯೋ ಅದನ್ನು ಒಂದಕ್ಷರ ಬಿಡದೆ ಇಳಿಸಿಕೊಳ್ಳುವರು. ರಿಜಿಸ್ಟ್ರಿಯ ಪೂರ್ತಿ ನಕಲು ಪೆನ್‌ಡ್ರೈವಿಗೆ ಬಂದಿದೆಯೇ ಎಂದು ಎರಡು ಸಲ ನೋಡಿದ ಮೇಲೆಯೇ ಮೊದಲ ಬದಲಾವಣೆ. ನಾಸಿಕದ ಕನ್ನಡದ ಮನೆಗಳಲ್ಲಿ ಇದೊಂದು ತಮಾಷೆಯೇ ಆಗಿತ್ತು. ‘ರಾಯರು ಸಂಕಲ್ಪಕ್ಕ ಕೂತಾರ, ಗದ್ಲ ಮಾಡಬ್ಯಾಡ್ರಿ’ ಎಂದು ಹೆಂಗಸರು ಮಕ್ಕಳನ್ನು ಸುಮ್ಮನಾಗಿಸುತ್ತಿದ್ದರು.

ರಾಯರು ವಿಜಾಪುರದ ಕಡೆಯವರು. ನದಿಗಳ ನೀರಿನ ಮಟ್ಟ ಅಳೆದು ಬರೆದಿಡುವ ಕೇಂದ್ರ ಸರ್ಕಾರದ ಕಚೇರಿಯಲ್ಲಿ ನೌಕರಿ. ವರ್ಗವಾಗಿ ನಾಸಿಕಕ್ಕೆ ಬಂದವರು ಗೋದಾವರಿಯ ಮಗ್ಗುಲಲ್ಲೇ ಉಳಿದುಬಿಟ್ಟರು. ಆ ಕಚೇರಿಯಲ್ಲಿ ತಪ್ಪಿದ ಅಂಕೆಯನ್ನು ಯಾರೂ ಅಳಿಸುವಂತಿರಲಿಲ್ಲ. ಅದರ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು, ಗೆರೆಯ ಕೆಳಗೆ ಹಳೆಯದು ಓದಲು ಬರಬೇಕು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಕಂಪ್ಯೂಟರ್ ವಿದ್ಯೆಯನ್ನು ಅವರು ಅಲ್ಲೇ, ದಪ್ಪ ಪುಸ್ತಕಗಳನ್ನು ಓದಿ ತಾವೇ ಕಲಿತದ್ದು. ಹಳತಾಗಿ ನರಳುವ ಯಂತ್ರಗಳನ್ನು ಕಂಡರೆ ಅವರಿಗೆ ಮರುಕ. ಕನ್ನಡದವರು ಕರೆದರೆ ಭಾನುವಾರ ಹೋಗಿ ರಿಪೇರಿ ಮಾಡಿ, ಒಂದು ಲೋಟ ಕಾಫಿ ಕುಡಿದು ಬರುತ್ತಿದ್ದರು.

‘ರಿಜಿಸ್ಟ್ರಿ ಅಂದ್ರ ಏನ್ರಿ?’ ಎಂದು ಕೇಳಿದವರಿಗೆ ಅವರ ಉತ್ತರ ಒಂದೇ. ‘ನಿಮ್ಮ ಅಡಗಿಮನಿಯೊಳಗ ಜೀರಗಿ ಡಬ್ಬಿ ಎಲ್ಲೆ ಅದ, ಸಾಸ್ವಿ ಎಲ್ಲೆ ಅದ, ಎಲ್ಲಾ ನಿಮ್ಮ ತಲ್ಯಾಗ ಇರ್ತದಲ್ಲ? ಯಂತ್ರಕ್ಕ ಇದು ಹಂಗ. ತಲ್ಯಾಗಿಂದ ಒಂದು ಮಾತು ಹೋತಂದ್ರ, ಡಬ್ಬಿ ಅಲ್ಲೇ ಇದ್ರೂ ಕೈಗೆ ಸಿಗೂದಿಲ್ಲ.’

ಇಷ್ಟೆಲ್ಲ ನೇಮ ಅವರಿಗೆ ಮೊದಲಿನಿಂದ ಇದ್ದದ್ದಲ್ಲ. ಅದು ಬಂದದ್ದು ರತ್ನಾಕರರು ಹೋದ ಮೇಲೆ.

ರತ್ನಾಕರರು ಕುಂದಾಪುರದ ಕಡೆಯವರು. ಪಂಚವಟಿಯಲ್ಲಿ ಅವರದೊಂದು ಶಾಕಾಹಾರಿ ಹೋಟೆಲು. ಹರೆಯದಲ್ಲಿ ಕನ್ನಡ ಟೈಪಿಂಗ್ ಪರೀಕ್ಷೆ ಪಾಸು ಮಾಡಿ ಎಲ್ಲಾದರೂ ಗುಮಾಸ್ತನಾಗಬೇಕು ಎಂದುಕೊಂಡಿದ್ದವರನ್ನು ಸೋದರಮಾವ ನಾಸಿಕದ ಹತ್ತಿರದ ಘೋಟಿಯಲ್ಲಿದ್ದ ತನ್ನ ಹೋಟೆಲಿಗೆ ಕರೆತಂದಿದ್ದ. ಮೂವತ್ತು ವರ್ಷ ಬೆರಳುಗಳು ಟೈಪ್ ಮಾಡುವ ಆಸೆಯನ್ನು ಒಳಗೇ ಇಟ್ಟುಕೊಂಡಿದ್ದವು. ಮಗಳು ಅಕ್ಷಿತಾಳ ಓದಿಗೆಂದು ಮನೆಗೆ ಕಂಪ್ಯೂಟರ್ ಬಂದಾಗ, ಅವಳಿಗಿಂತ ಹೆಚ್ಚು ಅದರ ಮುಂದೆ ಕೂತವರು ಅಪ್ಪನೇ. ಮಧ್ಯಾಹ್ನ ಮೂರಕ್ಕೆ ಹೋಟೆಲು ತಣ್ಣಗಾದ ಮೇಲೆ ಮಹಡಿಯ ಮನೆಗೆ ಬಂದು, ಕಣ್ಣು ಕಿಟಕಿಯ ಕಡೆ ಇಟ್ಟು, ಬೆರಳು ತಮ್ಮಷ್ಟಕ್ಕೆ ಓಡಲು ಬಿಟ್ಟು, ದಿನಚರಿ ಬರೆಯುತ್ತಿದ್ದರು.

ಆ ಕಾಲದಲ್ಲಿ ಕನ್ನಡದ ಅಕ್ಷರ ಯಂತ್ರದ ಜೊತೆಗೇ ಬರುತ್ತಿರಲಿಲ್ಲ. ಫಾಂಟ್ ತಂದು ಹಾಕಿದವರು ರಾಯರು. ಮುಖ್ಯ ಡ್ರೈವಿನಲ್ಲಿ ಜಾಗ ಸಾಲದೆ ಅದನ್ನು ಇನ್ನೊಂದು ಡ್ರೈವಿನ ಮೂಲೆಯಲ್ಲಿಟ್ಟು, ಎಲ್ಲಿದೆ ಎಂಬ ಒಂದು ಸಾಲನ್ನು ರಿಜಿಸ್ಟ್ರಿಯಲ್ಲಿ ಬರೆದಿದ್ದರು. ರತ್ನಾಕರರ ಇನ್ನೊಂದು ಬೇಡಿಕೆಯನ್ನೂ ನಡೆಸಿಕೊಟ್ಟಿದ್ದರು. ‘ಎಂತ ರಾಯರೇ, ಶಟರ್ ಎತ್ತಿದ ಕೂಡಲೇ ಹೋಟೆಲು ಕಾಣುವುದಿಲ್ಲವಾ? ಹಾಗೆಯೇ ಬಟನ್ ಒತ್ತಿದ ಕೂಡಲೇ ನನ್ನ ಪುಟ ಬರಬೇಕು.’ ಅದಕ್ಕೂ ಒಂದು ಸಾಲು ಬಿತ್ತು. ಅಂದಿನಿಂದ ಯಂತ್ರ ಎದ್ದಾಗೆಲ್ಲ ದಿನಚರಿ ತಾನಾಗಿ ತೆರೆದುಕೊಂಡು, ಕೊನೆಯ ಪುಟದಲ್ಲಿ ನಿಲ್ಲುತ್ತಿತ್ತು.

2008ರ ಮಳೆಗಾಲ. ಯಂತ್ರ ನಿಧಾನವಾಯಿತೆಂದು ರತ್ನಾಕರರು ಕರೆದರು. ರಾಯರ ಚೀಲದಲ್ಲಿ ಯಾರೋ ಕೊಟ್ಟ ಸಿಡಿಯೊಂದಿತ್ತು. ರಿಜಿಸ್ಟ್ರಿಯ ಕಸ ಗುಡಿಸುವ ತಂತ್ರಾಂಶ. ಅದು ಬೇಡದ ಸಾಲುಗಳದೊಂದು ಉದ್ದನೆಯ ಪಟ್ಟಿ ಮಾಡಿ ತೋರಿಸಿತು. ಒಂದೊಂದಾಗಿ ನೋಡಬೇಕಿತ್ತು. ಒಳಗಿನಿಂದ ರತ್ನಾಕರರ ಹೆಂಡತಿ ಚಂಪಾ ಕೂಗಿದರು, ‘ರಾಯರೇ, ಪತ್ರೊಡೆ ಆರಿ ಹೋಗ್ತದೆ ಮಾರಾಯ್ರೆ, ಆ ಡಬ್ಬ ಎಲ್ಲಿಗೂ ಓಡುವುದಿಲ್ಲ.’ ರಾಯರು ನಕ್ಕು, ನಕಲು ತೆಗೆಯದೆ, ಪಟ್ಟಿ ನೋಡದೆ, ಎಲ್ಲವನ್ನೂ ಅಳಿಸುವ ಗುಂಡಿ ಒತ್ತಿ ಊಟಕ್ಕೆ ಎದ್ದರು. ನೋಟುಬುಕ್ಕಿನಲ್ಲಿ ಬರೆದದ್ದು ಇಷ್ಟೇ: ‘ರತ್ನಾಕರ, ಪಂಚವಟಿ. ಸ್ವಚ್ಛ ಮಾಡಿದೆ. ಎಲ್ಲಾ ಸರಿ.’

ವಾರ ಕಳೆದು ಫೋನು ಬಂತು. ‘ರಾಯರೇ, ನನ್ನ ಅಕ್ಷರಗಳೆಲ್ಲ ವೇಷ ಕಟ್ಟಿಕೊಂಡು ಬಂದಿವೆ. ಒಂದಕ್ಕೆ ಕಿರೀಟ, ಒಂದಕ್ಕೆ ಬಾಲ, ಒಂದಕ್ಕೆ ತಲೆ ಮೇಲೆ ಎರಡು ಚುಕ್ಕಿ. ಕನ್ನಡ ಒಂದೂ ಇಲ್ಲ.’

ರಾಯರಿಗೆ ತಕ್ಷಣ ಹೊಳೆಯಿತು. ಅಳಿಸಿದ ಪಟ್ಟಿಯಲ್ಲಿ ಫಾಂಟಿನ ವಿಳಾಸವೂ ಹೋಗಿದೆ. ಹತ್ತು ನಿಮಿಷದ ಕೆಲಸ. ‘ಈ ಭಾನುವಾರ ಬರ್ತೀನ್ರಿ’ ಎಂದರು.

ಆ ಭಾನುವಾರ ಗೋದಾವರಿಗೆ ನೆರೆ ಬಂತು. ರಾಮಕುಂಡದ ಬಳಿಯ ಎರಡು ಮುಖದ ದುತೋಂಡ್ಯಾ ಮಾರುತಿ ವಿಗ್ರಹದ ಎದೆಯ ತನಕ ನೀರು. ನಾಸಿಕದ ಜನ ನೆರೆ ಅಳೆಯುವುದು ಆ ಮಾರುತಿಯ ಮೈಮೇಲೆಯೇ. ರಾಯರು ಗಂಟೆಗೊಂದು ಸಲ ಮಟ್ಟ ಬರೆಯುತ್ತ ಕಚೇರಿಯಲ್ಲೇ ಇದ್ದರು. ಎರಡನೆಯ ಭಾನುವಾರ ನೆರೆಯ ವರದಿ. ಮೂರನೆಯ ಭಾನುವಾರ ಬಿಡುವಿತ್ತು. ಆದರೆ ಅಂದು ಹೆಂಡತಿ ಮೃದುಲಾ ಬಹಳ ದಿನದಿಂದ ಕೇಳುತ್ತಿದ್ದ ಪೈಠಣಿ ಸೀರೆಗೆಂದು ಇಬ್ಬರೂ ಯೇವಲಾಕ್ಕೆ ಹೋದರು. ಮಗ್ಗಗಳ ಓಣಿಯಲ್ಲಿ ಸುತ್ತಿ, ನವಿಲಿನ ಸೆರಗಿನ ನೇರಳೆ ಸೀರೆ ಆರಿಸಿ, ಖುಷಿಯಿಂದ ವಾಪಸಾದರು. ಮಂಗಳವಾರ ಬೆಳಿಗ್ಗೆ ರತ್ನಾಕರರು ದೋಸೆಕಲ್ಲಿನ ಮುಂದೆ ಎದೆ ಹಿಡಿದುಕೊಂಡು ಕೂತರು. ಮತ್ತೆ ಏಳಲಿಲ್ಲ.

ರಾಯರು ಸಾವಿನ ಮನೆಯವರನ್ನು ಮಾತಾಡಿಸಲು ಹೋದಾಗ ಕಂಪ್ಯೂಟರಿನ ಮೇಲೆ ಹೂವಿನ ಕಸೂತಿಯ ಬಟ್ಟೆ ಹೊದಿಸಿದ್ದರು. ಅದನ್ನು ಸರಿಸಿ ‘ಹತ್ತು ನಿಮಿಷ’ ಎನ್ನುವುದು ಹೇಗೆ? ಹದಿಮೂರು ದಿನ ಕಳೆಯಲಿ ಎಂದುಕೊಂಡರು. ಅಷ್ಟರಲ್ಲಿ ಹೋಟೆಲು ಬೇರೆಯವರ ಕೈಗೆ ಹೋಯಿತು. ಅಕ್ಷಿತಾಳಿಗೆ ಔರಂಗಾಬಾದಿನಲ್ಲಿ ಕೆಲಸ ಸಿಕ್ಕಿ, ತಾಯಿ ಮಗಳು ಯಂತ್ರದ ಸಮೇತ ಅಲ್ಲಿಗೆ ಹೋದರು. ಬೇಸಿಗೆಯಲ್ಲಿ ಹೋಗೋಣ, ದಸರೆಗೆ ಹೋಗೋಣ ಎನ್ನುತ್ತಲೇ ವರ್ಷಗಳು ಸಂದವು. ನಡುವೆ ಒಮ್ಮೆ ಚಂಪಾ ಫೋನು ಮಾಡಿ, ತ್ರ್ಯಂಬಕದಲ್ಲಿ ನಾರಾಯಣಬಲಿ ಮಾಡಿಸಬೇಕು, ಒಳ್ಳೆಯ ಪುರೋಹಿತರನ್ನು ಹುಡುಕಿಕೊಡಿ ಎಂದಿದ್ದರು. ರಾಯರು ಹುಡುಕಿಕೊಟ್ಟರು. ಯಾತಕ್ಕೆ ಎಂದು ಕೇಳಲಿಲ್ಲ. ಮನೆತನದ ಪದ್ಧತಿ ಇರಬೇಕು ಎಂದುಕೊಂಡರು.

ಒಳಗೆ ಮಾತ್ರ ಅದು ಆರಲಿಲ್ಲ. ಯಾವ ಮನೆಯ ಯಂತ್ರ ತೆರೆದರೂ, ಪರದೆ ಬೆಳಗುವ ಮುಂಚಿನ ಆ ಒಂದು ಕ್ಷಣದ ಕಪ್ಪಿನಲ್ಲಿ, ತಮ್ಮ ಮುಖದ ಹಿಂದೆ ಇನ್ನೊಂದು ಮುಖ ಬಗ್ಗಿ ನೋಡಿದಂತಾಗುತ್ತಿತ್ತು. ಕೋಪವಿಲ್ಲದ, ಕಾಯುವ ಮುಖ. ಮೃದುಲಾ ಆ ನೇರಳೆ ಸೀರೆ ಉಟ್ಟ ದಿನ ರಾಯರು ಅವರ ಕಡೆ ನೋಡುತ್ತಿರಲಿಲ್ಲ.

2014ರ ಏಪ್ರಿಲಿನಲ್ಲಿ ಅಕ್ಷಿತಾಳ ಫೋನು ಬಂದಾಗ ಅವರು ನಿವೃತ್ತರಾಗಿ ವರ್ಷವಾಗಿತ್ತು.

‘ಅಂಕಲ್, ಪಪ್ಪಾನ ಕಂಪ್ಯೂಟರ್ ಖರಾಬ್ ಆಯ್ತು. ಲೋಡ್‌ಶೆಡ್ಡಿಂಗ್‌ನಲ್ಲಿ ಎಕ್‌ದಮ್ ಬಂದ್ ಆಯ್ತು ನಾ, ಆಮೇಲೆ ರಿಜಿಸ್ಟ್ರಿ ಅಂತ ಏನೋ ಮೆಸೇಜ್. ಈಗ ಚಾಲೂ ಆಗ್ತದೆ, ಆದ್ರೆ ಆ ಪುಟ ಬರ್ತಿಲ್ಲ. ಇಲ್ಲಿಯ ರಿಪೇರಿಯವ್ರು ಫೇಂಕ್ ದೋ, ಬಿಸಾಡಿ ಅಂತ ಹೇಳಿದ್ರು. ಮಮ್ಮಿ ಎರಡು ದಿನದಿಂದ ಸರಿ ಊಟ ಮಾಡಿಲ್ಲ.’

‘ಯಾವ ಪುಟ ಅವ್ವಿ?’

‘ಪಪ್ಪಾಂದು. ದಿನಾ ಬೆಳಿಗ್ಗೆ ಮಮ್ಮಿ ಅದರ ಮುಂದೆ ದೀಪ ಇಡ್ತಾಳೆ.’

ರಾಯರು ಫೋನು ಕೆಳಗಿಟ್ಟಾಗ ಮೃದುಲಾ ಬಾಗಿಲಲ್ಲಿ ನಿಂತಿದ್ದರು. ‘ಅಲ್ರೀ, ಮಾರಿ ಯಾಕ ಹಂಗ ಬಿಳಚಗೊಂಡದ?’

‘ಬಿಸಲು.’

‘ಮನಿಯೊಳಗ ಯಾವ ಬಿಸಲ್ರಿ?’

ಮರುದಿನ ಮೊದಲ ಬಸ್ಸು. ಬಸ್ಸಿನ ಹಣೆಯ ಮೇಲೆ ಔರಂಗಾಬಾದ್ ಎಂದಿತ್ತು. ಕಂಡಕ್ಟರು ಸಂಭಾಜಿನಗರ, ಸಂಭಾಜಿನಗರ ಎಂದು ಕೂಗುತ್ತಿದ್ದ. ನಿಫಾಡ ದಾಟಿತು. ಯೇವಲಾ ಬಂದಾಗ ರಾಯರು ಕಣ್ಣು ಮುಚ್ಚಿ ಕೂತರು. ಪೈಠಣಿಯ ಬಣ್ಣದ ಬೋರ್ಡುಗಳು ಮುಚ್ಚಿದ ರೆಪ್ಪೆಯ ಮೇಲೂ ಹಾದುಹೋದಂತಾಯಿತು.

ಸಿಡ್ಕೋ ಬಡಾವಣೆಯ ಎರಡು ಕೋಣೆಯ ಮನೆ. ಚಂಪಾ ಬಾಗಿಲು ತೆರೆದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ‘ಬನ್ನಿ ರಾಯರೇ. ಅಂತೂ ಒಂದು ನೆಪ ಸಿಕ್ಕಿತು ನಿಮಗೆ ಬರಲಿಕ್ಕೆ.’

ಕಂಪ್ಯೂಟರು ದೇವರ ಮಂಟಪದ ಪಕ್ಕದ ಮೇಜಿನ ಮೇಲಿತ್ತು. ಮಾನಿಟರಿನ ನೆತ್ತಿಗೆ ಒಣಗಿದ ಕುಂಕುಮ. ಹಳದಿಯಾದ ಕೀಲಿಗಳ ನಡುವೆ ಊದುಬತ್ತಿಯ ಬೂದಿ. ರಾಯರು ಕೈಕಾಲು ತೊಳೆದು ಬಂದರು. ನೋಟುಬುಕ್ಕು ತೆಗೆದರು, ನಕಲು ತೆಗೆದರು, ಎರಡು ಸಲ ನೋಡಿದರು. ಕರೆಂಟು ಹೋದ ಪೆಟ್ಟಿಗೆ ರಿಜಿಸ್ಟ್ರಿಯ ಒಂದು ಭಾಗ ಕೆಟ್ಟು, ಯಂತ್ರ ತನ್ನಲ್ಲಿದ್ದ ಮೊಟ್ಟಮೊದಲಿನ ಪ್ರತಿಯನ್ನು ಹಾಕಿಕೊಂಡಿತ್ತು. ಆ ಪ್ರತಿಯಲ್ಲಿ ಪುಟ ತೆರೆಸುವ ಸಾಲು ಇರಲಿಲ್ಲ. ತಾವೇ ಒಮ್ಮೆ ಬರೆದಿದ್ದ ಸಾಲನ್ನು ರಾಯರು ಮತ್ತೆ ಬರೆದರು. ಯಂತ್ರ ಮಲಗಿ ಎದ್ದಿತು. ಪುಟ ಬಂತು.

ಕಿರೀಟ, ಬಾಲ, ಚುಕ್ಕಿ. ಗೆರೆಗೆರೆಯಾಗಿ, ತುಂಬ ತುಂಬ. ರಾಯರು ಅದನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು.

ಚಂಪಾ ಕೈ ಮುಗಿದರು. ಭುಜ ಇಳಿದವು. ‘ಬಂದರು. ಸಾಕು ರಾಯರೇ, ಇಷ್ಟೇ ಬೇಕಿತ್ತು. ಕಾಫಿ ಮಾಡ್ತೇನೆ, ನಿಮಗೆ ನಾಲ್ಕು ಗಂಟೆಯ ಬಸ್ಸು ಸಿಗ್ತದೆ.’

ರಾಯರು ಚೀಲದ ಜಿಪ್ ಎಳೆದರು. ಹೋಗಬಹುದಿತ್ತು. ಯಾರೂ ಏನೂ ಕೇಳಿರಲಿಲ್ಲ. ಆದರೂ ಬಾಯಿ ತಾನಾಗಿ ಆಡಿತು. ‘ವೈನಿ, ಇದು ಏನಂತ ತಿಳಕೊಂಡೀರಿ ನೀವು?’

ಚಂಪಾ ಅಡುಗೆಮನೆಯ ಬಾಗಿಲಲ್ಲೇ ನಿಂತರು. ಅಕ್ಷಿತಾ ತಲೆ ತಗ್ಗಿಸಿದಳು.

‘ನಿಮ್ಮ ಹತ್ರ ಎಂತ ಮುಚ್ಚುವುದು? ಕೊನೆಗೆ ಅವರ ತಲೆ ಸರಿ ಇರಲಿಲ್ಲ. ಮೂರು ವಾರ, ದಿನಾ ಕೂತು ಇದನ್ನೇ ಹೊಡೀತಿದ್ದರು. ನಾನು ಹಿಂದೆ ನಿಂತು ನೋಡಿದ್ದೇನೆ. ಕಿಟಕಿ ನೋಡುವುದು, ನಗುವುದು, ಹೊಡೆಯುವುದು. ಪರದೆ ಮೇಲೆ ಇದು. ಎಂತ ಇದು ಅಂದರೆ, ವೇಷ ವೇಷ ಅಂತ ನಗ್ತಿದ್ದರು. ಮಂಗಳವಾರ ಹೋದರು. ಊರಿಗೆ ಹೋದಾಗ ಇದನ್ನು ಕಾಗದದ ಮೇಲೆ ತೆಗೆಸಿ ಜೋಯಿಸರ ಮುಂದೆ ಇಟ್ಟು ಪ್ರಶ್ನೆ ಕೇಳಿದೆವು. ಇದು ಮನುಷ್ಯರು ಬರೆದದ್ದಲ್ಲ, ಇವರನ್ನು ಹಿಡಿದದ್ದು ಬರೆಸಿದ್ದು, ಈಗಲೂ ಬಿಟ್ಟಿಲ್ಲ ಅಂದರು. ನಾರಾಯಣಬಲಿ ಮಾಡಿಸಿ ಅಂದರು. ನೀವೇ ಅಲ್ವಾ ಪುರೋಹಿತರನ್ನು ಹುಡುಕಿಕೊಟ್ಟದ್ದು? ಅದಾದ ಮೇಲೂ ಪುಟ ಬರ್ತಲೇ ಇತ್ತು. ಹಾಗೆ ದೀಪ ಇಡ್ತೇನೆ. ಶಾಂತಿಯಲ್ಲಿರಲಿ ಅಂತ. ಮೊನ್ನೆ ಬರಲಿಲ್ಲ ನೋಡಿ, ಇನ್ನು ಎಲ್ಲಿ ಅಲೀತಾರೋ ಅಂತ…’

ರಾಯರು ಚೀಲ ಕೆಳಗಿಟ್ಟರು. ಜೋಯಿಸರ ಪ್ರಶ್ನೆ, ನಾರಾಯಣಬಲಿಯ ಪಿಂಡ, ತ್ರ್ಯಂಬಕದ ಹೊಗೆ, ಇಷ್ಟು ವರ್ಷದ ದೀಪ, ಎಲ್ಲ ಒಂದು ತಟ್ಟೆ ಪತ್ರೊಡೆ ಆರಬಾರದೆಂದು ಒತ್ತಿದ ಒಂದು ಗುಂಡಿಯಿಂದ.

‘ಹಂಗಲ್ಲ ವೈನಿ,’ ಎಂದರು. ‘ಅವರ ತಲಿ ಸರೀನ ಇತ್ತು. ಯಂತ್ರದ ತಲಿ ನಾ ಕೆಡಿಸಿದ್ದೆ.’

ಎಲ್ಲ ಹೇಳಿದರು. ಸಿಡಿ, ಪಟ್ಟಿ, ಗುಂಡಿ, ಫೋನು. ಹೇಳುತ್ತಲೇ ಕೈ ಕೆಲಸಕ್ಕೆ ಬಿತ್ತು. ಇನ್ನೊಂದು ಡ್ರೈವಿನ ಮೂಲೆ ತೆರೆದರು. ಫಾಂಟ್ ಅಲ್ಲೇ ಇತ್ತು. ಆರು ವರ್ಷ, ಯಾರೂ ಮುಟ್ಟದೆ, ಇಟ್ಟ ಕಡೆಯೇ ಇತ್ತು. ಇಲ್ಲದೆ ಹೋದದ್ದು ಅದರ ವಿಳಾಸದ ಒಂದು ಸಾಲು. ಆ ಸಾಲು ಬರೆಯುವಾಗ ಬೆರಳು ಎರಡು ಸಲ ತಪ್ಪಿತು. ಯಂತ್ರ ಮತ್ತೆ ಮಲಗಿತು. ಆ ಕಪ್ಪಿನ ಕ್ಷಣದಲ್ಲಿ ಪರದೆಯೊಳಗೆ ಮೂರು ಮುಖಗಳಿದ್ದವು. ರಾಯರಿಗೆ ನಾಲ್ಕು ಎಣಿಸಿದಂತಾಯಿತು.

ಪುಟ ತೆರೆಯಿತು. ಕನ್ನಡ.

ಅಕ್ಷಿತಾ ಬಾಯಿಗೆ ಕೈ ಇಟ್ಟುಕೊಂಡಳು. ಅವಳಿಗೆ ಕನ್ನಡ ಮಾತು ತಿಳಿಯುತ್ತಿತ್ತು, ಓದಲು ಬರುತ್ತಿರಲಿಲ್ಲ. ಚಂಪಾ ಹತ್ತಿರ ಬಂದು ಕಣ್ಣು ಕಿರಿದು ಮಾಡಿದರು. ‘ಪೊರೆ ಬಂದಿದೆ ರಾಯರೇ, ಅಕ್ಷರ ಎಲ್ಲ ಕಲಸಿದ ಹಾಗೆ ಕಾಣುವುದು. ನೀವೇ ಓದಿ.’

ರಾಯರು ಓದತೊಡಗಿದರು. ‘ಭಾನುವಾರ. ಗೋದಾವರಿ ಉಕ್ಕಿದ್ದಾಳೆ. ಗಿರಾಕಿಗಳಿಲ್ಲ. ರುಬ್ಬಿದ ಹಿಟ್ಟನ್ನು ಧರ್ಮಶಾಲೆಗೆ ಕಳಿಸಿದೆ. ನನ್ನ ಅಕ್ಷರ ನನಗೇ ಕಾಣುತ್ತಿಲ್ಲ, ಬೆರಳಿಗೆ ಗೊತ್ತಿದೆ, ಹೊಡೆಯುತ್ತಿದ್ದೇನೆ. ಚಂಪಾ ಹಿಂದೆ ನಿಂತು ಹೆದರುತ್ತಾಳೆ. ಅವಳ ಮುಖ ಕಿಟಕಿಯ ಗಾಜಿನಲ್ಲಿ ಕಾಣುತ್ತದೆ, ನನಗೆ ನಗು.’

ಚಂಪಾ ಗೋಡೆಗೆ ಆತುಕೊಂಡರು.

ಮುಂದಿನ ಸಾಲಿಗೆ ರಾಯರ ಕಣ್ಣು ಮೊದಲೇ ಹೋಗಿತ್ತು. ಅಲ್ಲಿ ಅವರ ಹೆಸರಿತ್ತು. ಬಿಟ್ಟು ಓದಿದರೆ ಈ ಕೋಣೆಯಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ. ಒಬ್ಬರಿಗೆ ಕಣ್ಣಿಲ್ಲ, ಒಬ್ಬಳಿಗೆ ಅಕ್ಷರವಿಲ್ಲ. ಮೂರು ವಾರ ಬರದೆ ಉಳಿದದ್ದನ್ನು ಬಾಯಿ ಬಿಟ್ಟು ಹೇಳಿಯಾಗಿತ್ತು. ಆದರೂ ಆ ಮನುಷ್ಯನ ಮಾತಿನಲ್ಲೇ ಅದನ್ನು ಕೇಳುವುದು ಬೇರೆ. ತಮ್ಮ ಹೆಸರಿದ್ದ ಸಾಲುಗಳನ್ನು ಒಂದೂ ಬಿಡದೆ ಓದಿದರು.

‘ಬಿಂದುಮಾಧವರಾಯರು ಇವತ್ತು ಬರುತ್ತೇನೆ ಅಂದಿದ್ದರು. ಪಾಪ, ನೆರೆಯಲ್ಲಿ ಎಲ್ಲಿ ಬರುತ್ತಾರೆ.

‘ಭಾನುವಾರ. ರಾಯರು ಬರಲಿಲ್ಲ. ಕೆಲಸ ಇರಬೇಕು. ಫೋನು ಮಾಡುವುದಿಲ್ಲ, ಪೀಡಿಸಿದ ಹಾಗಾಗುತ್ತದೆ.

‘ಭಾನುವಾರ. ರಾಯರಿಗೆ ಬನ್ಸ್ ಇಷ್ಟ ಅಂತ ನಿನ್ನೆಯೇ ಬಾಳೆಹಣ್ಣು ಕಿವುಚಿ ಹಿಟ್ಟು ಕಲಸಿ ಇಡಿಸಿದ್ದೆ. ಬರಲಿಲ್ಲ. ನಾವೇ ತಿಂದೆವು.

‘ಸೋಮವಾರ. ಎಡಗೈ ಸ್ವಲ್ಪ ನೋಯುತ್ತಿದೆ. ಬರುವ ಭಾನುವಾರ ರಾಯರು ಬಂದರೆ ಮೊದಲು ಇದುವರೆಗೆ ಹೊಡೆದದ್ದನ್ನೆಲ್ಲ ಅವರ ಎದುರೇ ಓದಿ ನೋಡಬೇಕು, ಎಷ್ಟು ತಪ್ಪಾಗಿದೆಯೋ.’

ಅಲ್ಲಿಗೆ ಮುಗಿದಿತ್ತು. ತಪ್ಪು ಒಂದೂ ಇರಲಿಲ್ಲ.

ರಾಯರು ಪರದೆಯಿಂದ ತಿರುಗಲಿಲ್ಲ. ಬೈಗುಳ ಬರಲಿ ಎಂದು ಕಾದರು.

‘ಹಾಗಾದರೆ ತಲೆ ಸರಿ ಇತ್ತು,’ ಎಂದರು ಚಂಪಾ.

‘ಪೂರ್ತಿ ಸರಿ ಇತ್ತು ವೈನಿ.’

‘ಆರು ವರ್ಷ ನಾನು ಅವರಿಗೆ ಹೆದರಿದೆ ರಾಯರೇ. ದೀಪ ಇಟ್ಟದ್ದು ಪ್ರೀತಿಗೆ ಅಂತ ಇವಳು ತಿಳಿದಿದ್ದಾಳೆ. ಹೆದರಿ ಇಟ್ಟದ್ದು.’

ಅಕ್ಷಿತಾ ಎದ್ದು ಅಮ್ಮನ ಪಕ್ಕ ನೆಲದಲ್ಲಿ ಕೂತಳು. ‘ಅಂಕಲ್,’ ಎಂದಳು, ‘ಶುರುಸೇ ಓದ್ತೀರಾ? ನನ್ನ ಹೆಸರು ಎಲ್ಲಿ ಉಂಟು?’

ಐದು ವರ್ಷದ ದಿನಚರಿ. ರಾಯರು ಓದುತ್ತ ಹೋದರು. ನಾಲ್ಕರ ಬಸ್ಸು ತಪ್ಪಿತು. ಮೊದಲ ವರ್ಷದ ದೀಪಾವಳಿಯ ಹೊತ್ತಿಗೆ ಗಂಟಲು ಕಟ್ಟಿತು. ಎದ್ದಾಗ, ನೋಟುಬುಕ್ಕಿನ ಹಳೆಯ ಪುಟ ತೆಗೆದು, ‘ಎಲ್ಲಾ ಸರಿ’ ಎಂಬುದರ ಮೇಲೆ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಹಾಕಿ ಸಹಿ ಮಾಡಿದರು. ಸರಿಯಾದದ್ದು ಏನು ಬರೆಯಬೇಕೆಂದು ಹೊಳೆಯದೆ ಜಾಗ ಬಿಟ್ಟರು.

‘ಉಳಿದದ್ದನ್ನು ಭಾನುವಾರ ಬಂದು ಓದಿ,’ ಎಂದರು ಚಂಪಾ ಬಾಗಿಲ ತನಕ ಬಂದು.

‘ಬರ್ತೀನಿ ವೈನಿ.’

‘ಅವರಿಗೂ ಹಾಗೆಯೇ ಹೇಳಿದ್ದಿರಿ.’ ದನಿಯಲ್ಲಿ ಕೋಪವಿರಲಿಲ್ಲ. ಅದೇ ಕಾಯುವ ದನಿ.

ಶನಿವಾರ ಸಂಜೆ ರಾಯರು ಮೃದುಲಾ ಅವರಿಗೆ ಆ ಮೂರನೆಯ ಭಾನುವಾರದ ಸಂಗತಿ ಹೇಳಿದರು. ಮೃದುಲಾ ಒಳಗೆ ಹೋಗಿ, ಕಪಾಟಿನ ಮುಂದೆ ಬಹಳ ಹೊತ್ತು ನಿಂತಿದ್ದು, ಹೊರಗೆ ಬಂದರು. ‘ನಾಳೆ ಎಷ್ಟಕ್ಕ ನಿಮ್ಮ ಬಸ್ಸು?’ ಎಂದರು.

ಭಾನುವಾರದ ಮೊದಲ ಬಸ್ಸಿನಲ್ಲಿ ರಾಯರು ಕಿಟಕಿಯ ಪಕ್ಕ ಕೂತರು. ಯೇವಲಾ ಬಂತು. ಈ ಸಲ ಕಣ್ಣು ಮುಚ್ಚಲಿಲ್ಲ. ನೇರಳೆ, ಹಸಿರು, ನವಿಲಿನ ಬೋರ್ಡುಗಳನ್ನು ಒಂದೊಂದಾಗಿ ನೋಡಿದರು. ಚಹಾಕ್ಕೆಂದು ಹತ್ತು ನಿಮಿಷ ನಿಲ್ಲುತ್ತದೆ ಎಂದು ಕಂಡಕ್ಟರು ಕೂಗಿದ. ಎಲ್ಲರೂ ಇಳಿದರು. ರಾಯರು ಮಾತ್ರ ಇಳಿಯಲಿಲ್ಲ. ಚೀಲವನ್ನು ತೊಡೆಯ ಮೇಲೆ ಅವುಚಿಕೊಂಡು, ಬಸ್ಸು ಎಲ್ಲಿ ತಮ್ಮನ್ನು ಬಿಟ್ಟು ಹೊರಟುಬಿಡುತ್ತದೋ ಎಂದು, ಖಾಲಿ ಬಸ್ಸಿನಲ್ಲಿ ಒಬ್ಬರೇ ಕೂತಿದ್ದರು.